ರಾಜ-ಗುಲಾಮ

ಪಂಪಾಪತಿ ಹೊಳೆ ದಾಟಿ ಬಂದಾಗ ಓಬಳಜ್ಜ ಕಲ್ಲು ಮಂಟಪದ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ.

"ಅಜ್ಜಾರೆ, ನನಗೆ ಇಸ್ಪೀಟು ಕಲಿಸ್ರಿ."

"ಬರೋದಿಲ್ಲೇನು ನಿನಗೆ?"

"ಬರ್ತೈತೆ. ಬಂದಿದ್ದಕ್ಕೇ ಸೋತೆ."

ಅಜ್ಜ ತಲೆ ಎತ್ತಿ ನೋಡಿದ. ಮೂವತ್ತು ದಾಟದ ಹುಡುಗ. ಗಡ್ಡ ಬೆಳೆದಿತ್ತು. ಅಂಗೈಯಲ್ಲಿ ಇನ್ನೂ ಟೈರಿನ ಕರಿ ಉಳಿದಿತ್ತು.

"ಎಲ್ಲಿ ಸೋತೆ?"

"ಆಚೆ ದಂಡೆ ಊರಾಗ. ಎರ್ರಿಸ್ವಾಮಿ ಮನೆ ಅಟ್ಟದ ಮೇಲೆ."

ಅಜ್ಜನ ಕೈ ಒಂದು ಗಳಿಗೆ ನಿಂತಿತು. ಮತ್ತೆ ಬೀಜ ಬಿಡಿಸತೊಡಗಿತು.

"ಟೈರಿನ ಅಂಗಡಿ ಇತ್ರಿ, ಹೋಯ್ತು. ಹೆಂಡ್ತಿ ತವರಿಗೆ ಹೋಗಿ ಕೂತಾಳೆ. ಎರ್ರಿಸ್ವಾಮಿಗೆ ಆಟ ಕಲಿಸಿದವರು ನೀವೇ ಅಂತ ಊರಾಗ ಅಂದ್ರು. ನನಗೂ ಕಲಿಸ್ರಿ. ಒಂದೇ ಒಂದು ಸಲ ಅವನನ್ನ ಸೋಲಿಸಬೇಕು."

"ಕಲಿಸಿದ್ದು ನಿಜ," ಎಂದ ಅಜ್ಜ. "ಅವನು ನನ್ನ ಮಗ."

ಪಂಪಾಪತಿ ಹೊಳೆಯ ಕಡೆ ತಿರುಗಿದ.

"ಇರು. ಇವತ್ತು ಹುಣಸೆಹಣ್ಣು ಬಿಡಿಸು. ನಾಳೆ ನೋಡೋಣ."

*

ಓಬಳಜ್ಜ ಹುಟ್ಟಾ ಸನ್ಯಾಸಿಯಲ್ಲ. ಪ್ರಾಯದಲ್ಲಿ ಮುಂಬೈ ಬಂದರಿನಲ್ಲಿ ಮೂಟೆ ಹೊರುವಾಗ ಹಡಗಿನವರಿಂದ ಪೋಕರ್ ಎಂಬ ಇಸ್ಪೀಟಾಟ ಕಲಿತು ಊರಿಗೆ ಬಂದವನು. ಮಗನಿಗೆ ಮೀಸೆ ಮೂಡುವ ಮೊದಲೇ ಅವನ ಕೈಗೂ ಎಲೆ ಕೊಟ್ಟ. ಅಪ್ಪ ಮಗ ಇಬ್ಬರೂ ಎದುರುಬದುರು ಕೂತರೆ ಊಟದ ನೆನಪಿರುತ್ತಿರಲಿಲ್ಲ.

ಹೆಂಡತಿ ಸತ್ತ ವರ್ಷ ಅಪ್ಪ ಆಟ ಬಿಟ್ಟ. ಮಗ ಬಿಡಲಿಲ್ಲ.

"ಕೈಗೆ ಕೊಟ್ಟವನೂ ನೀನೇ, ಬಿಡು ಅನ್ನೋನೂ ನೀನೇ," ಎಂದ ಮಗ.

ಅಪ್ಪ ಹೊಳೆ ದಾಟಿ ಈ ಮಂಟಪಕ್ಕೆ ಬಂದು ಕೂತ. ಬರಬರುತ್ತಾ ನಾಲ್ಕು ಜನ ಅವನ ಹತ್ತಿರ ಬರತೊಡಗಿದರು. ಅಜ್ಜ ಎಂದರು, ಗುರು ಎಂದರು. ಜೂಜಿನಲ್ಲಿ ಮನೆ ಕಳೆದುಕೊಂಡವರೂ ಬಂದರು. ಆಡಬೇಡಿ ಎಂದು ಅವನು ಯಾರಿಗೂ ಹೇಳಲಿಲ್ಲ. ಎಲೆ ಇಡುವುದನ್ನು ಕಲಿಸುತ್ತಿದ್ದ.

*

ಮರುದಿನ ಅಜ್ಜ ಮಾಸಿದ ಒಂದು ಕಟ್ಟು ಇಸ್ಪೀಟು ತಂದ.

ಆಟ ಪಂಪಾಪತಿಗೆ ಗೊತ್ತಿದ್ದದ್ದೇ. ಒಬ್ಬೊಬ್ಬನಿಗೆ ಎರಡೆರಡು ಎಲೆ, ಮುಚ್ಚಿ. ಅವನ್ನು ನೋಡಿ ಆಡುತ್ತೀನಿ ಎನ್ನಬಹುದು, ಇಲ್ಲ ಕೆಳಗಿಟ್ಟು ಆ ಆಟ ಬಿಡಬಹುದು. ಆಡಿದರೆ ನಡುವೆ ಐದು ಎಲೆ ತೆರೆದು ಬೀಳುತ್ತವೆ, ಅವು ಎಲ್ಲರಿಗೂ ಸೇರಿದವು. ಕೈಯೊಳಗಿನದ್ದನ್ನೂ ನಡುವಿನದ್ದನ್ನೂ ಕೂಡಿಸಿ ಯಾರದ್ದು ದೊಡ್ಡದೋ ಅವನು ಗೆದ್ದ. ಜೋಡಿಗೆ ಬೆಲೆ ಹೆಚ್ಚು, ಎಲೆಗಳಲ್ಲಿ ಎಕ್ಕವೇ ಎಲ್ಲಕ್ಕಿಂತ ದೊಡ್ಡದು.

ಅಜ್ಜ ಎರಡು ಎಲೆ ಹಾಕಿದ.

"ಏಳು, ಎರಡು. ಇಡ್ತೀನಿ," ಎಂದ ಪಂಪಾಪತಿ.

ಮತ್ತೆರಡು.

"ಒಂಬತ್ತು, ನಾಲ್ಕು. ಇಡ್ತೀನಿ."

ಮತ್ತೆರಡು.

"ರಾಜ, ಗುಲಾಮ." ಪಂಪಾಪತಿಯ ಮುಖ ಅರಳಿತು. "ಆಡ್ತೀನಿ."

ಅಜ್ಜ ಎಲೆಗಳನ್ನು ಕಟ್ಟಿಟ್ಟು ಎದ್ದು ಹೋದ. ಆ ದಿನದ ಪಾಠ ಅಷ್ಟೇ.

ಮರುದಿನ ರಾಣಿ-ಹತ್ತು ಬಂತು. ಪಂಪಾಪತಿ ಆಡುತ್ತೀನಿ ಎಂದ. ಅಜ್ಜ ಎದ್ದು ಹೋದ. ಅದರ ಮರುದಿನ ಮತ್ತೆ ರಾಜ-ಗುಲಾಮ. ಅಜ್ಜ ಮತ್ತೆ ಎದ್ದ.

ಪಂಪಾಪತಿ ಹಿಂದೆಯೇ ಓಡಿದ. "ಅಲ್ರಿ ಅಜ್ಜಾರೆ, ಎರಡೂ ಮುಖದ ಎಲೆ! ಇದನ್ನ ಆಡದೆ ಇನ್ಯಾವುದನ್ನ ಆಡಬೇಕು?"

ಅಜ್ಜ ಅವನನ್ನು ಹೊಳೆ ದಂಡೆಗೆ ಕರೆದೊಯ್ದ.

"ಇಲ್ಲಿ ಜನ ಮುಳುಗಿ ಸತ್ತಾರೆ. ಎಲ್ಲಿ ಸತ್ತಾರೆ, ತೋರಿಸು."

ಪಂಪಾಪತಿ ಬಂಡೆಯ ಬುಡದ ಕಪ್ಪು ಮಡುವನ್ನು ತೋರಿಸಿದ.

"ಅಲ್ಲಿ ಯಾರೂ ಇಳಿಯೋದೇ ಇಲ್ಲ," ಎಂದ ಅಜ್ಜ. ಮೊಣಕಾಲುದ್ದ ನೀರು ತೆಳ್ಳಗೆ ಹೊಳೆಯುತ್ತಿದ್ದ ಕಡೆ ಕೈ ಮಾಡಿದ. "ಇಲ್ಲಿ."

ಪಂಪಾಪತಿ ಆ ನೀರನ್ನೇ ನೋಡುತ್ತ ನಿಂತ.

"ನಿನ್ನ ಕೈಯಾಗ ರಾಜ-ಗುಲಾಮ. ಎದುರಿನವನ ಕೈಯಾಗ ಎಕ್ಕ-ರಾಜ. ನಡುವೆ ರಾಜ ಬಿತ್ತು. ಏನಾಯ್ತು?"

"ಇಬ್ಬರಿಗೂ ಜೋಡಿ ರಾಜ ಆಯ್ತು."

"ಗೆದ್ದವನು?"

"ಎಕ್ಕ ಇರೋನು."

"ಯಾರಿಗೂ ಜೋಡಿ ಆಗಲೇ ಇಲ್ಲ. ಆಗ?"

"ಆಗಲೂ... ಎಕ್ಕ ಇರೋನು."

"ನಿನ್ನ ಅದೃಷ್ಟ ಬಂದ್ರೆ ಅವನ ಅದೃಷ್ಟನೂ ಅದೇ ಗಾಡಿಯಾಗ ಬರ್ತೈತೆ. ಇವು ದಾಯಾದಿ ಎಲೆ, ಪಂಪಾಪತಿ. ಕೆಟ್ಟ ಎಲೆ ಯಾರ ಮನೆಯನ್ನೂ ಹಾಳು ಮಾಡಿಲ್ಲ. ಅವನ್ನ ಎಲ್ಲರೂ ಇಡ್ತಾರೆ."

*

ಅಮಾವಾಸ್ಯೆಯ ದಿನ ಅಜ್ಜ ಒಗೆದ ಪಂಚೆ ಉಟ್ಟ.

"ನಡಿ, ಆಚೆ ದಂಡೆಗೆ ಹೋಗಿ ಬರೋಣ."

ಹರಿಗೋಲಿನಲ್ಲಿ ಕೂತ ಮೇಲೆ ಪಂಪಾಪತಿ ಕೇಳಿದ. "ಎಲ್ಲಿಗ್ರಿ?"

"ಮಗನ ಹತ್ತಿರ. ಆಡೋಕೆ."

ಪಂಪಾಪತಿ ಬೆಚ್ಚಿದ. "ನೀವು ಆಟ ಬಿಟ್ಟಿಲ್ಲೇನ್ರಿ?"

"ನನ್ನ ಜೊತೆ ಬಾ, ಆ ಜೂಜಿನ ಅಟ್ಟಕ್ಕೆ ಬೀಗ ಹಾಕು ಅಂತ ಕರೆಯೋಕೆ ಹೋಗಿದ್ದೆ. ಆಡಿ ಗೆದ್ದು ಕರ್ಕೊಂಡು ಹೋಗ್ರಿ ಅಂದ. ಅಮಾಸೆಗೆ ಒಂದೇ ಆಟ. ನಾನು ಗೆದ್ರೆ ಬೀಗ ಹಾಕಿ ನನ್ನ ಜೊತೆ ಬರ್ತಾನೆ. ಸೋತ್ರೆ ನಾನು ಆ ಮೆಟ್ಟಿಲು ಮತ್ತೆ ಹತ್ತೋ ಹಾಗಿಲ್ಲ. ಇಬ್ಬರಾಗ ಯಾರು ಎಲೆ ಇಟ್ರೂ ಆಟ ಇಲ್ಲ. ಮುಂದಿನ ಅಮಾಸೆಗೆ ಮತ್ತೆ ಹೋಗಬಹುದು."

"ಎಷ್ಟು ದಿನದಿಂದ ಹೋಗ್ತಿದ್ದೀರಿ?"

"ನನ್ನ ತಲೆಯಾಗ ಕರಿಕೂದಲು ಇದ್ದಾಗಿಂದ."

ಊರಿನ ಮನೆಯ ಬಾಗಿಲಲ್ಲಿ ಸೊಸೆ ಹುಲಿಗೆಮ್ಮ ನಿಂತಿದ್ದಳು. ಮಜ್ಜಿಗೆಯ ಲೋಟ ಕೈಯಲ್ಲೇ ಇತ್ತು.

"ಬರ್ರಿ ಮಾವ," ಎಂದಳು. ಅಜ್ಜ ಮಜ್ಜಿಗೆ ಕುಡಿದು ಮೆಟ್ಟಿಲು ಹತ್ತಿದ.

ಅಟ್ಟದ ಮೇಲೆ ಬೇರೆ ಆಟಗಳು ಆ ಹೊತ್ತು ನಿಂತಿದ್ದವು. ಎರ್ರಿಸ್ವಾಮಿ ಗೋಡೆಗೆ ಒರಗಿ ಕೂತಿದ್ದ. ಅಪ್ಪನದೇ ಮೂಗು, ಅಪ್ಪನದೇ ಹಣೆ.

"ಬರ್ರಿ ಅಜ್ಜಾರೆ," ಎಂದ. ಊರವರು ಕರೆಯುವ ಹಾಗೆಯೇ ಕರೆದ.

ಎರಡೆರಡು ಎಲೆ ಬಿದ್ದವು. ಪಂಪಾಪತಿ ಅಜ್ಜನ ಭುಜದ ಹಿಂದಿನಿಂದ ನೋಡಿದ. ರಾಜ, ಗುಲಾಮ. ಇನ್ನಷ್ಟು ಮುಂದೆ ಬಾಗಿದ.

"ಇಡ್ತೀನಿ," ಎಂದ ಅಜ್ಜ.

ಎರ್ರಿಸ್ವಾಮಿ ತನ್ನ ಎಲೆಗಳನ್ನೂ ಕಟ್ಟಿನಲ್ಲಿ ಸೇರಿಸಿದ. ಅಷ್ಟಕ್ಕೆ ಮುಗಿಯಿತು.

ಮರಳುವಾಗ ಪಂಪಾಪತಿ ತಡೆಯಲಾರದೆ ಹೇಳಿದ. "ಅದು ಮಗನನ್ನ ಕರ್ಕೊಂಡು ಬರೋ ಆಟ, ಅಜ್ಜಾರೆ. ನಿಮ್ಮ ಎದುರು ಇದ್ದವನು ಒಬ್ಬನೇ. ರಾಜ-ಗುಲಾಮ ಸಾಕಿತ್ತು."

"ನಾನು ಆಡ್ತೀನಿ ಅಂದ್ರೆ ಅವನು ಏನು ಮಾಡ್ತಾನೆ?"

"ತನ್ನ ಎಲೆ ನೋಡ್ತಾನೆ."

"ಸಣ್ಣದಿದ್ರೆ?"

"ಇಡ್ತಾನೆ."

"ದೊಡ್ಡದಿದ್ರೆ?"

"ಆಡ್ತಾನೆ."

"ಈ ಎಲೆ ಗೆಲ್ಲೋ ಹಾಗಿದ್ದಾಗ ಅವನು ಆಡೋದಿಲ್ಲ. ಅವನು ಆಡಿದಾಗ ನಾನು ಗೆಲ್ಲೋದಿಲ್ಲ. ಈಗ ಹೇಳು, ರಾಜ-ಗುಲಾಮ ಯಾತಕ್ಕೆ ಸಾಕಿತ್ತು?"

ಪಂಪಾಪತಿ ಬೆರಳು ಮಡಚಿ ಲೆಕ್ಕ ಹಾಕಿದ.

"ಮತ್ತೆ ನೀವು ಯಾವ ಎಲೆಗೆ ಕಾಯ್ತಿದ್ದೀರಿ?"

"ಜೋಡಿ ಎಕ್ಕ, ಜೋಡಿ ರಾಜ, ಜೋಡಿ ರಾಣಿ. ತಾನೂ ದೊಡ್ಡವನು ಅಂದ್ಕೊಂಡು ಅವನು ಆಡಬೇಕು. ನಾನು ಅವನಿಗಿಂತ ದೊಡ್ಡವನಿರಬೇಕು."

"ಅಂಥದ್ದು ಬರದೇ ಹೋದ್ರೆ?"

"ಇಟ್ಟವನು ಮತ್ತೆ ಹೋಗಬಹುದಲ್ಲಪ್ಪ," ಎಂದ ಅಜ್ಜ. "ಮಗನ ಮುಖ ನೋಡಬಹುದು."

*

ಪಂಪಾಪತಿ ಇಡುವುದನ್ನು ಕಲಿತ. ಮೊದಮೊದಲು ಇಟ್ಟ ಮೇಲೂ ನಡುವೆ ಯಾವ ಎಲೆ ಬೀಳುತ್ತಿತ್ತೋ ಎಂದು ತೆಗೆದು ನೋಡುತ್ತಿದ್ದ. ಒಂದು ದಿನ ನೋಡದೆಯೇ ಎದ್ದು ಹೋಗಿ ಸೌದೆ ಒಡೆದ. ಅಜ್ಜ ಏನೂ ಹೇಳಲಿಲ್ಲ, ಆ ರಾತ್ರಿ ತಾನೇ ರೊಟ್ಟಿ ಬಡಿದು ಬಡಿಸಿದ.

ಅಮಾವಾಸ್ಯೆಗಳು ಬಂದು ಹೋದವು. ಅಜ್ಜ ಹೋಗುತ್ತಿದ್ದ, ಇಟ್ಟು ಬರುತ್ತಿದ್ದ.

ಹೊಳೆಯ ಪ್ರವಾಹ ಇಳಿದ ಮೇಲೆ ಒಂದು ಅಮಾವಾಸ್ಯೆ. ಎರ್ರಿಸ್ವಾಮಿ ಎಲೆ ಹಾಕಿದ. ಅಜ್ಜ ಎತ್ತಿ ನೋಡಿದ. ಹಿಂದೆ ನಿಂತಿದ್ದ ಪಂಪಾಪತಿಯೂ ನೋಡಿದ.

ರಾಣಿ. ರಾಣಿ.

"ಆಡ್ತೀನಿ," ಎಂದ ಅಜ್ಜ.

ಅಟ್ಟದ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಇಷ್ಟು ವರ್ಷಗಳಲ್ಲಿ ಆ ಮಾತು ಅವರು ಕೇಳಿರಲಿಲ್ಲ.

ಎರ್ರಿಸ್ವಾಮಿ ತನ್ನ ಎರಡು ಎಲೆಗಳನ್ನು ಬಹಳ ಹೊತ್ತು ನೋಡಿದ. ಅಪ್ಪನ ಕಡೆ ನೋಡಿದ. ಅಪ್ಪನ ಕತ್ತಿನ ಎಲುಬು ಎದ್ದು ಕಾಣುತ್ತಿತ್ತು.

"ಇಡ್ತೀನಿ," ಎಂದ.

ಅಜ್ಜ ಉಸಿರು ಬಿಟ್ಟ. ಗೆಲ್ಲುವ ಎಲೆ ಬಂದ ದಿನ ಎದುರಿನವನ ಹತ್ತಿರ ಏನೂ ಇಲ್ಲ. ಯಾರನ್ನು ದೂರುವುದು?

ಎರ್ರಿಸ್ವಾಮಿ ಎಸೆದ ಎಲೆಗಳು ಜಮಖಾನೆಯ ಅಂಚು ಜಾರಿ ಪಂಪಾಪತಿಯ ಕಾಲ ಬಳಿ ಮಗುಚಿ ಬಿದ್ದವು. ಪಂಪಾಪತಿ ಬಗ್ಗಿ ಎತ್ತಿಕೊಂಡ.

ಇಸ್ಪೀಟ್ ಎಕ್ಕ. ಆಟೀನ್ ಎಕ್ಕ.

ತಲೆ ಎತ್ತಿದಾಗ ಎರ್ರಿಸ್ವಾಮಿ ಅವನನ್ನೇ ನೋಡುತ್ತಿದ್ದ. ಟೈರಿನ ಅಂಗಡಿ ಗೆದ್ದುಕೊಂಡ ದಿನ ಕಂಡ ಕಣ್ಣು ಅದಾಗಿರಲಿಲ್ಲ. ಹೇಳಬೇಡ ಎನ್ನುವ ಕಣ್ಣು. ಅವನು ಕೈ ಚಾಚಿ ಎಲೆ ಕಸಿದುಕೊಂಡು ಕಟ್ಟಿನಲ್ಲಿ ಕಲೆಸಿಬಿಟ್ಟ.

ನಡುಹೊಳೆಯವರೆಗೂ ಪಂಪಾಪತಿ ಬಾಯಿ ಬಿಡಲಿಲ್ಲ. ಆಮೇಲೆ ಇರಲಾಗಲಿಲ್ಲ.

"ಅಜ್ಜಾರೆ, ಅವನು ಇಟ್ಟಿದ್ದು ಜೋಡಿ ಎಕ್ಕ."

"ಸರಿಯಾಗಿ ನೋಡಿದೆಯಾ?"

"ಕೈಯಾಗ ಹಿಡಿದು ನೋಡಿದೆ. ಅವನು ಆಡಿದ್ರೆ ನೀವು ಸೋಲ್ತಿದ್ರಿ. ಮತ್ತೆ ಬರೋ ಹಾಗೇ ಇರಲಿಲ್ಲ."

ಅಜ್ಜ ಹರಿಗೋಲಿನ ಅಂಚಿನಿಂದ ಕೈ ಇಳಿಬಿಟ್ಟು ನೀರಿನಲ್ಲಿ ಅದ್ದಿದ. ಈಚೆ ದಂಡೆ ಮುಟ್ಟುವವರೆಗೂ ಕೈ ತೆಗೆಯಲಿಲ್ಲ. ಇಳಿಯುವಾಗ ಏಳಲಾಗಲಿಲ್ಲ. ಅಂಬಿಗನೂ ಪಂಪಾಪತಿಯೂ ಹಿಡಿದು ಎಬ್ಬಿಸಿದರು.

*

ಆ ವಾರವೇ ಜ್ವರ ಹಿಡಿಯಿತು. ಬಿಟ್ಟು ಬಿಟ್ಟು ಬಂತು. ಪಂಪಾಪತಿ ಗಂಜಿ ಕಾಯಿಸಿ ಕುಡಿಸುತ್ತಿದ್ದ.

"ಸಂತೋಷ ಪಡಬೇಕಲ್ರಿ ಅಜ್ಜಾರೆ. ಮಗನಿಗೆ ನಿಮ್ಮ ಮೇಲೆ ಪ್ರೀತಿ ಐತೆ."

"ಐತೆ," ಎಂದ ಅಜ್ಜ. "ಅದೇ ನನಗೆ ಹೆದರಿಕೆ ಆಗಿರೋದು."

ಪಂಪಾಪತಿಗೆ ಅದು ತಿಳಿಯಲಿಲ್ಲ. ಕಂಬಳಿ ಸರಿ ಮಾಡಿದ.

"ನಾನು ಅವನನ್ನ ಸೋಲಿಸಬೇಕು ಅಂತ ಬಂದಿದ್ದೆ. ಈಗ ಆ ಆಸೆ ಇಲ್ಲ."

"ಹಂಗಾದ್ರೆ ನಿನ್ನ ಪಾಠ ಮುಗೀತು. ಹೆಂಡ್ತಿ ಊರಿಗೆ ಹೋಗು."

"ನಿಮ್ಮ ಜ್ವರ ಬಿಡಲಿ."

ಅಜ್ಜ ನಗಲು ನೋಡಿದ. ಕೆಮ್ಮು ಬಂತು.

ಎರಡು ಅಮಾವಾಸ್ಯೆ ಹೋಗಲಾಗಲಿಲ್ಲ. ಮೂರನೆಯದಕ್ಕೆ ಎದ್ದು ಪಂಚೆ ಉಟ್ಟ. ಬೇಡವೆಂದರೂ ಕೇಳಲಿಲ್ಲ. ಪಂಪಾಪತಿ ಅವನನ್ನು ಹರಿಗೋಲಿಗೆ ಹೊತ್ತೇ ತಂದ.

ಹುಲಿಗೆಮ್ಮ ಬಾಗಿಲಲ್ಲೇ ಇದ್ದಳು. ಮಾವನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೋದ ಎರಡು ಅಮಾಸೆಗೂ ಇವರು ಊಟ ಮಾಡಲಿಲ್ಲ ಮಾವ. ಕಿಟಕಿ ಹತ್ತಿರ ನಿಂತೇ ಇದ್ರು."

ಅಜ್ಜ ಮಜ್ಜಿಗೆ ತೆಗೆದುಕೊಂಡ.

"ಒಂದು ಮಾತು ಹೇಳ್ಲಾ ಮಾವ? ಸಿರುಗುಪ್ಪದಾಗ ನಮ್ಮಣ್ಣ ರೈಸ್‌ಮಿಲ್ಲು ಹಾಕ್ಯಾನೆ. ನೋಡ್ಕೊಳ್ಳೋಕೆ ಬಾ ಅಂತ ಇವರನ್ನ ಎರಡು ವರ್ಷದಿಂದ ಕರೀತಾನೆ. ಈ ಆಟ ಇವರಿಗೂ ಬ್ಯಾಸರ ಆಗೈತೆ. ಆದ್ರೂ ಹೊರಡೋದಿಲ್ಲ. ಅಮಾಸೆಗೆ ಅಪ್ಪ ಬರ್ತಾನೆ, ನಾನು ಇಲ್ಲಿರಬೇಕು ಅಂತಾರೆ. ನೀವಾದ್ರೂ ಹೇಳ್ರಿ."

ಅಜ್ಜ ಲೋಟವನ್ನು ಅರ್ಧಕ್ಕೇ ಅವಳ ಕೈಗೆ ಕೊಟ್ಟ.

"ಹೇಳ್ತೀನಿ ತಾಯಿ," ಎಂದ.

ಒಂದೊಂದೇ ಮೆಟ್ಟಿಲು ಹತ್ತಿದ. ಎರ್ರಿಸ್ವಾಮಿ ಎದ್ದು ಎರಡು ಹೆಜ್ಜೆ ಮುಂದೆ ಬಂದ. ಆಮೇಲೆ ನೆನಪಾದವನಂತೆ ಹೋಗಿ ತನ್ನ ಜಾಗದಲ್ಲಿ ಕೂತ.

"ಹುಷಾರಿಲ್ಲೇನ್ರಿ ಅಜ್ಜಾರೆ?"

"ಎಲೆ ಹಾಕು."

ಬಿದ್ದವು. ಪಂಪಾಪತಿ ಹಿಂದಿನಿಂದ ನೋಡಿದ. ರಾಜ, ಗುಲಾಮ. ಅವನಿಗೆ ಸಮಾಧಾನವಾಯಿತು. ಇದನ್ನು ಅಜ್ಜ ಇಡುತ್ತಾನೆ. ಬೇಗ ಮನೆಗೆ ಹೋಗಿ ಮಲಗಿಸಬಹುದು.

"ಆಡ್ತೀನಿ," ಎಂದ ಅಜ್ಜ.

ಪಂಪಾಪತಿ ತಪ್ಪು ಕೇಳಿಸಿತೆಂದುಕೊಂಡ.

ಎರ್ರಿಸ್ವಾಮಿ ತನ್ನ ಎಲೆ ಎತ್ತಿ ನೋಡಿದ. ಮುಖದಲ್ಲಿ ಏನೂ ಕಾಣಲಿಲ್ಲ. ಇಡಲು ಕೈ ಮುಂದೆ ತಂದ. ಅಜ್ಜ ಆ ಕೈ ಹಿಡಿದುಕೊಂಡ.

"ಇಡಬೇಡ."

"ಇಡೋದು ಬಿಡೋದು ನನ್ನಿಷ್ಟ, ಅಜ್ಜಾರೆ."

"ಜೋಡಿ ಎಕ್ಕ ಇಟ್ಟಿದ್ದೂ ನಿನ್ನಿಷ್ಟವೇ."

ಎರ್ರಿಸ್ವಾಮಿ ಪಂಪಾಪತಿಯ ಕಡೆ ನೋಡಿದ. ಪಂಪಾಪತಿ ನೆಲ ನೋಡಿದ.

ಅಜ್ಜ ತನ್ನ ಎರಡು ಎಲೆಗಳನ್ನು ತೆರೆದು ಜಮಖಾನೆಯ ಮೇಲೆ ಹಾಕಿದ.

ಎರ್ರಿಸ್ವಾಮಿ ಬಾಗಿ ನೋಡಿದ. "ರಾಜ-ಗುಲಾಮ. ಇದನ್ನ ಯಾರಾದ್ರೂ ಆಡ್ತಾರೇನಪ್ಪ? ನೀನೇ ಅಲ್ಲೇನು ನನ್ನ ಕೈ ಮೇಲೆ ಹೊಡೆದು ಇಡೋಕೆ ಕಲಿಸಿದ್ದು?"

"ನಾನೇ."

"ಇಡಪ್ಪ. ನನ್ನ ಹತ್ತಿರ ಒಳ್ಳೇದೈತೆ. ಇಡು."

"ತೆಗಿ."

ಎರ್ರಿಸ್ವಾಮಿ ತೆಗೆಯಲಿಲ್ಲ. ಅಜ್ಜನೇ ಮಗನ ಬೆರಳು ಬಿಡಿಸಿ ಎಲೆಗಳನ್ನು ಮಗುಚಿದ. ಎಕ್ಕ. ರಾಜ.

ನಡುವಿನ ಐದು ಎಲೆಗಳನ್ನು ಪಕ್ಕದಲ್ಲಿದ್ದ ಯಾರೋ ತೆರೆದರು. ನಾಲ್ಕು, ಒಂಬತ್ತು, ರಾಜ, ಎರಡು, ಆರು.

ಇಬ್ಬರಿಗೂ ಜೋಡಿ ರಾಜ. ಮಗನಿಗೆ ಎಕ್ಕ.

ಎಲೆ ತೆರೆದವರು ಹಿಂದೆ ಸರಿದರು.

"ಇದು ಲೆಕ್ಕಕ್ಕಿಲ್ಲ," ಎಂದ ಎರ್ರಿಸ್ವಾಮಿ. "ನಾನು ಇಡ್ತಿದ್ದೆ. ನೀನು ಕೈ ಹಿಡಿದೆ. ಮುಂದಿನ ಅಮಾಸೆಗೆ ಬಾ ಅಪ್ಪಾ."

"ಆಡಿದ ಮೇಲೆ ಆಟ ಆಟವೇ ಮಗನೆ. ಮಾತು ನಿನ್ನದೇ. ನಾನು ಇನ್ನು ಈ ಮೆಟ್ಟಿಲು ಹತ್ತೋದಿಲ್ಲ."

ಅಜ್ಜ ಎದ್ದ. ಮಗನ ತಲೆಯ ಮೇಲೆ ಕೈ ಇಟ್ಟ. ಕೂದಲಲ್ಲಿ ಬೆರಳಾಡಿಸಿದ, ಎಣ್ಣೆ ಹಚ್ಚುವಾಗ ಆಡಿಸುವ ಹಾಗೆ. ಎರ್ರಿಸ್ವಾಮಿ ತಲೆ ತಗ್ಗಿಸಿ ಕೂತೇ ಇದ್ದ.

ಕೆಳಗೆ ಹುಲಿಗೆಮ್ಮ ಅಳುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು.

"ಸಿರುಗುಪ್ಪದಾಗ ನೀರು ಚಲೋ ಐತೇನು ತಾಯಿ?" ಎಂದು ಕೇಳಿದ ಅಜ್ಜ.

"ಐತ್ರಿ ಮಾವ."

"ಹೊತ್ತಿಗೆ ಸರಿಯಾಗಿ ಉಣ್ಣಿಸು ಅವನಿಗೆ."

*

ಅಂದಿನಿಂದ ಅಜ್ಜ ಹಾಸಿಗೆ ಬಿಟ್ಟು ಏಳಲಿಲ್ಲ.

ಮುಂದಿನ ಅಮಾವಾಸ್ಯೆ ಬಂತು. ಪಂಪಾಪತಿಗೆ ಮಂಟಪದಲ್ಲಿ ಇರಲಾಗಲಿಲ್ಲ. ಉಪ್ಪು ತರುತ್ತೀನೆಂದು ಹೇಳಿ ಹೊಳೆ ದಾಟಿದ. ಸಂಜೆಗೆ ಮರಳಿ ಬಂದು ಹಾಸಿಗೆಯ ಪಕ್ಕ ಕೂತ. ಉಪ್ಪು ತಂದಿರಲಿಲ್ಲ.

"ಬೀಗ ಹಾಕೈತೆ ಅಜ್ಜಾರೆ."

ಅಜ್ಜ ಕಣ್ಣು ತೆರೆದ.

"ಸಿರುಗುಪ್ಪಕ್ಕೆ ಹೋದ್ರಂತೆ. ಪಾತ್ರೆ, ಹಾಸಿಗೆ ಎಲ್ಲಾ ಟೆಂಪೋಕ್ಕೆ ಹೇರಿಕೊಂಡು. ಇಸ್ಪೀಟು ಕಟ್ಟುಗಳನ್ನ ಹಿತ್ತಲಾಗ ಸುಟ್ಟನಂತೆ."

"ಹುಂ."

"ಹೊರಡೋ ಮೊದಲು ಹೊಳೆ ದಂಡೆಗೆ ಬಂದು ನಿಂತಿದ್ದನಂತೆ. ಅಂಬಿಗ ಹರಿಗೋಲು ಹತ್ತಿರ ತಂದು, ಬರ್ತೀಯೇನು ಅಂತ ಕೇಳಿದನಂತೆ. ಅಪ್ಪನನ್ನ ಸೋಲಿಸಿದವನು ಯಾವ ಮುಖ ಇಟ್ಕೊಂಡು ಹೋಗ್ಲಿ ಅಂದನಂತೆ. ಹತ್ತಲಿಲ್ಲ."

ಅಜ್ಜ ಗೋಡೆಯ ಕಡೆ ಹೊರಳಿದ.

ಪಂಪಾಪತಿ ಇನ್ನೂ ಹತ್ತಿರ ಸರಿದು ಕೇಳಿದ.

"ಆ ಎಲೆ ಸೋಲ್ತೈತೆ ಅಂತ ನಿಮಗೆ ಗೊತ್ತಿತ್ತು. ನನಗೆ ಇಡೋಕೆ ಕಲಿಸಿದವರೇ ನೀವು. ಅವತ್ತೂ ಇಟ್ಟಿದ್ರೆ, ಇವತ್ತು ನಿಮ್ಮನ್ನ ಹೊತ್ಕೊಂಡಾದ್ರೂ ಹೋಗ್ತಿದ್ದೆ. ಮಗನ ಮುಖ ನೋಡ್ತಿದ್ರಿ."

"ನೋಡ್ತಿದ್ದೆ," ಎಂದ ಅಜ್ಜ.

ಗೋಡೆಯ ಕಡೆ ಮುಖ ಮಾಡಿಕೊಂಡೇ, ಮೆಲ್ಲಗೆ ಮುಂದುವರಿಸಿದ.

"ನಾನು ಹೀಗೇ ಹೋಗ್ತಾ ಇದ್ದಿದ್ರೆ, ಅವನು ಎಲ್ಲಿಗೆ ಹೋಗ್ತಿದ್ದ?"